ವ್ಯೂಪಾಯಿಂಟ್‌ಗೆ ಬೆನ್ನು ಹಾಕಿ ಕೂತ ಮಕ್ಕಳು

ಯಾವ ಗಿರಿಧಾಮಕ್ಕೆ ಬೇಕಾದರೂ ಹೋಗಿ. ಅಲ್ಲಿನ ವ್ಯೂಪಾಯಿಂಟ್‌ನಲ್ಲಿ ಸ್ವಲ್ಪ ಹೊತ್ತು ಸುಮ್ನೆ ನಿಂತು, ಕಣಿವೆಯನ್ನು ಬಿಟ್ಟು ಬಂದವರನ್ನು ನೋಡಿ. ಅಪ್ಪ ಅಮ್ಮ ಕಂಬಿ ಹಿಡಿದು ದೂರದ ಬೆಟ್ಟಸಾಲು ನೋಡುತ್ತಿರುತ್ತಾರೆ. ಅಜ್ಜಿ ಕಿವಿಗೆ ಶಾಲು ಸುತ್ತಿಕೊಳ್ಳುತ್ತಿರುತ್ತಾರೆ. ಮಗು ಮಾತ್ರ ಕಣಿವೆಗೆ ಬೆನ್ನು ಹಾಕಿ, ಕುಕ್ಕರುಗಾಲಲ್ಲಿ ಕೂತು, ಕಂಬಿಯ ಬುಡದಲ್ಲಿ ಸಾಲು ಹೋಗುವ ಇರುವೆ ನೋಡುತ್ತಿರುತ್ತದೆ. "ಇಷ್ಟು ದೂರ ಬಂದು ನೆಲ ನೋಡ್ತಾ ಕೂತಿದ್ದೀಯಲ್ಲ, ಅಲ್ನೋಡು ಎಷ್ಟು ಚೆನ್ನಾಗಿದೆ!" ಅಂತ ಯಾರೋ ರಟ್ಟೆ ಹಿಡಿದು ಎಬ್ಬಿಸುತ್ತಾರೆ. ಮಗು ಎದ್ದು ನೋಡುತ್ತದೆ. "ಹೂಂ, ನೋಡ್ದೆ" ಅನ್ನುತ್ತದೆ. ಮತ್ತೆ ಕೂರುತ್ತದೆ.

ಮಗುವಿನದೇನೂ ತಪ್ಪಿಲ್ಲ. ದೂರದ ಬೆಟ್ಟವನ್ನು ಇಟ್ಟುಕೊಂಡು ಅದು ಏನು ಮಾಡಬೇಕು ಹೇಳಿ? ಮುಟ್ಟುವ ಹಾಗಿಲ್ಲ, ಹತ್ತುವ ಹಾಗಿಲ್ಲ, ಜೇಬಿಗೆ ಹಾಕಿಕೊಳ್ಳುವ ಹಾಗಿಲ್ಲ. ನಮಗೆ ಆ ನೋಟ ಹಿಡಿಸುವುದಕ್ಕೆ ಕಾರಣವೇ ಬೇರೆ. ನಾವು ಕೆಳಗೆ ಬಿಟ್ಟು ಬಂದದ್ದು ಬಹಳ ಇರುತ್ತದೆ. ಆಫೀಸು, ಟ್ರಾಫಿಕ್ಕು, ಸಾಲದ ಕಂತು. ಅದೆಲ್ಲ ಎಲ್ಲೋ ಮಂಜಿನಡಿ ಮುಚ್ಚಿಹೋಗಿದೆ ಅನ್ನಿಸಿದರೆ ಸಾಕು, ಮನಸ್ಸಿಗೆ ಹಗುರ. ಮಗುವಿಗೆ ಬಿಟ್ಟು ಬರುವಂಥದ್ದು ಏನಿದೆ? ಅದಕ್ಕೆ ಕಾಲ ಬುಡದ ಮೂರಡಿ ಜಾಗವೇ ಊರು.

ಹಾಗಾಗಿ ಮಕ್ಕಳನ್ನು ಕರೆದುಕೊಂಡು ಬೆಟ್ಟಕ್ಕೆ ಹೋಗುವಾಗ ನಾನು ನೋಡುವ ಜಾಗಗಳ ಪಟ್ಟಿ ಮಾಡುವುದನ್ನು ಬಿಟ್ಟಿದ್ದೇನೆ. ಈಗ ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಈ ಎತ್ತರದಲ್ಲಿ ಮಾತ್ರ ಆಗುವಂಥದ್ದು, ಮಗುವಿನ ಕೈಗೆ ಸಿಗುವ ಹಾಗೆ, ಇಲ್ಲಿ ಏನಿದೆ? ಹುಡುಕಿದರೆ ಬೇಕಾದಷ್ಟಿದೆ. ಟಿಕೆಟ್ ಕೌಂಟರ್‌ನಲ್ಲಿ ಸಿಗುವುದು ಮಾತ್ರ ಅದರಲ್ಲಿ ಕಡಿಮೆ.

ಹಾಗೆ ನೋಡಿದರೆ ಬೆಟ್ಟದ ಮೇಲಿನ ಪ್ರವಾಸಿ ಊರುಗಳು ಬೆಳೆದಿದ್ದೇ ದೊಡ್ಡವರಿಗಾಗಿ. ಸ್ವಿಟ್ಜರ್ಲೆಂಡಿನ ದಾವೋಸ್ 1860ರ ದಶಕದಿಂದ ಕ್ಷಯರೋಗಿಗಳು ತಣ್ಣನೆ ಗಾಳಿ ಕುಡಿಯುತ್ತಾ ವರಾಂಡದಲ್ಲಿ ಮಲಗುವ ಊರಾಗಿತ್ತು. ಬ್ರಿಟಿಷರು 1864ರಲ್ಲಿ ಶಿಮ್ಲಾವನ್ನು ಬೇಸಿಗೆ ರಾಜಧಾನಿ ಮಾಡಿಕೊಂಡರು, ಬಯಲಿನ ಸೆಕೆ ತಾಳಲಾರದೆ. ಊಟಿಯ ಕೆರೆಯಾಗಲಿ, ಕೊಡೈಕನಾಲಿನ ಕೆರೆಯಾಗಲಿ ತಾವಾಗೇ ಆದವಲ್ಲ. ಆಗಿನ ಅಧಿಕಾರಿಗಳು ಕಟ್ಟಿಸಿದ್ದು. ಮಾಲ್ ರೋಡು, ಬೆಂಚು, ಹೂವಿನ ತೋಟ, ಎಲ್ಲ ಕೂತು ಸುಧಾರಿಸಿಕೊಳ್ಳುವವರ ಲೆಕ್ಕದಲ್ಲೇ ಇವೆ. ಇಂಥ ಊರಲ್ಲಿ ಮಗು "ಬೋರಾಗ್ತಿದೆ" ಅಂದರೆ ಆಶ್ಚರ್ಯ ಏನು?

ಬೋರಾಗಿದ್ದು ದೊಡ್ಡವರಿಗೂ ಹೌದು. ದಾವೋಸ್‌ನ ಚಳಿಗಾಲದ ಅತಿಥಿಗಳು ಕೊನೆಗೆ ಕೈ ಹಾಕಿದ್ದು ಅಲ್ಲಿನ ಮಕ್ಕಳು ಹಿಮದಲ್ಲಿ ಆಡುತ್ತಿದ್ದ ಮರದ ಜಾರುಬಂಡಿಗೆ. 1883ರಲ್ಲಿ ದಾವೋಸ್‌ನಿಂದ ಕ್ಲೋಸ್ಟರ್ಸ್‌ಗೆ ಇಳಿಯುವ ರಸ್ತೆಯಲ್ಲಿ ನಾಲ್ಕು ಕಿಲೋಮೀಟರ್ ಪಂದ್ಯವನ್ನೇ ಇಟ್ಟರು. ಆಸ್ಟ್ರೇಲಿಯಾದಿಂದ ಬಂದಿದ್ದ ಒಬ್ಬ ವಿದ್ಯಾರ್ಥಿ, ಕ್ಲೋಸ್ಟರ್ಸ್‌ನ ಒಬ್ಬ ಪೋಸ್ಟ್‌ಮ್ಯಾನ್, ಇಬ್ಬರೂ ಸಮಸಮ ಬಂದು ಗೆದ್ದರು. ಆ ಆಟವೇ ಬೆಳೆದು ಲೂಜ್ ಆಯಿತು, 1964ರಲ್ಲಿ ಇನ್ಸ್‌ಬ್ರುಕ್ ಒಲಿಂಪಿಕ್ಸ್‌ಗೂ ಹೋಯಿತು. ಪೋಸ್ಟ್‌ಮ್ಯಾನ್ ಗೆದ್ದದ್ದು ನನಗೆ ತುಂಬಾ ಖುಷಿ. ದಿನಾ ಅದೇ ರಸ್ತೆಯಲ್ಲಿ ಓಡಾಡುವವನು ಅಲ್ವಾ?

ಆಟ ಶುರುವಾಗುವುದು ಊರು ಮುಟ್ಟುವ ಮೊದಲೇ, ಘಾಟಿ ರಸ್ತೆಯಲ್ಲಿ. ನಮಗೆ ಆ ರಸ್ತೆ ಬೇಗ ಮುಗಿದರೆ ಸಾಕು. ವಾಂತಿ ಆಗದೇ ಇದ್ದರೆ ಮಕ್ಕಳಿಗೆ ಅದೇ ಅರ್ಧ ಪ್ರವಾಸ. ಮೊದಲು ವಾಂತಿಯ ವಿಷಯ ಹೇಳಿಬಿಡುತ್ತೇನೆ. ಕಿವಿಯೊಳಗಿನ ಅಂಗ "ತಿರುಗ್ತಾ ಇದ್ದೀವಿ" ಅನ್ನುತ್ತದೆ, ಪುಸ್ತಕವನ್ನೋ ಮೊಬೈಲನ್ನೋ ನೋಡುತ್ತಿರುವ ಕಣ್ಣು "ಇಲ್ಲ, ಸುಮ್ನೆ ಕೂತಿದ್ದೀವಿ" ಅನ್ನುತ್ತದೆ. ಈ ಎರಡರ ಜಗಳದಲ್ಲಿ ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಶಾಲೆಗೆ ಹೋಗುವ ವಯಸ್ಸಿನವರಿಗೆ ಎಲ್ಲರಿಗಿಂತ ಜಾಸ್ತಿ. ಅಂದರೆ ಸುಮ್ಮನಿರಲಿ ಅಂತ ಘಾಟಿಯಲ್ಲಿ ಫೋನ್ ಕೊಟ್ಟರೆ ಅದು ವಾಂತಿಗೆ ಕೊಟ್ಟ ಆಹ್ವಾನ. ಹೊರಗೆ ನೋಡಲಿ, ಮುಂದಿನ ತಿರುವು ಎಡಕ್ಕೋ ಬಲಕ್ಕೋ ಹೇಳಲಿ. ಡ್ರೈವರ್‌ಗೆ ಯಾಕೆ ವಾಂತಿ ಬರಲ್ಲ ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ, ಮುಂದಿನ ತಿರುವು ಅವನಿಗೆ ಮೊದಲೇ ಗೊತ್ತು. ಹೊಟ್ಟೆ ಬಿರಿಯ ತಿನ್ನಿಸಬೇಡಿ, ಪೂರ್ತಿ ಖಾಲಿಯೂ ಬಿಡಬೇಡಿ. ಮಾತ್ರೆ ಬೇಕೋ ಬೇಡವೋ ಹೊರಡುವ ಮೊದಲೇ ಡಾಕ್ಟರ್‌ರನ್ನು ಕೇಳಿಕೊಳ್ಳಿ. ಕವರ್ ಕೈಗೆಟಕುವ ಜಾಗದಲ್ಲಿರಲಿ, ಡಿಕ್ಕಿಯಲ್ಲಲ್ಲ.

ಇನ್ನು ಕಿವಿ ಕಟ್ಟಿಕೊಳ್ಳುವುದು. ಮೇಲೆ ಹೋದಂತೆ ಹೊರಗಿನ ಗಾಳಿಯ ಒತ್ತಡ ಇಳಿಯುತ್ತದೆ, ಕಿವಿಯೊಳಗೆ ಹಳೆಯ ಗಾಳಿಯೇ ಇರುತ್ತದೆ. ಗಂಟಲಿನಿಂದ ಕಿವಿಗೆ ಹೋಗುವ ಸಣ್ಣ ನಾಳ ತೆರೆದಾಗ ಎರಡೂ ಸಮವಾಗುತ್ತವೆ. ಉಗುಳು ನುಂಗಿದರೆ, ಆಕಳಿಸಿದರೆ ಅದು ತೆರೆಯುತ್ತದೆ. ಮಕ್ಕಳಲ್ಲಿ ಆ ನಾಳ ಸಣ್ಣದು, ಅಡ್ಡಡ್ಡ ಇರುತ್ತದೆ, ಹಾಗಾಗಿ ಬೇಗ ಕಟ್ಟಿಕೊಳ್ಳುತ್ತದೆ. ಕಷ್ಟ ಜಾಸ್ತಿ ಆಗುವುದು ಇಳಿಯುವಾಗ. ಕೂಸಿಗೆ ಹಾಲು ಕುಡಿಸುತ್ತಾ ಇಳಿಯಿರಿ. ಸ್ವಲ್ಪ ದೊಡ್ಡವರಾದರೆ ಯಾರಿಗೆ ಜೋರಾಗಿ ಆಕಳಿಸಲು ಬರುತ್ತದೆ ಅಂತ ಪಂದ್ಯ ಕಟ್ಟಿದರೆ ಆಯಿತು. ಸುಳ್ಳು ಆಕಳಿಕೆ ನಾಲ್ಕು ಬಂದರೆ ಐದನೆಯದು ನಿಜವಾಗಿಯೂ ಬರುತ್ತದೆ, ಕಾರಿನಲ್ಲಿರುವ ದೊಡ್ಡವರಿಗೂ ಅಂಟುತ್ತದೆ.

ಇದನ್ನೇ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕಾ? ಕೆಳಗೆ ಒಂದು ಚಿಪ್ಸ್ ಪ್ಯಾಕೆಟ್ ತೆಗೆದುಕೊಂಡು ಒಡೆಯದೇ ಮಗುವಿನ ಕೈಗೆ ಕೊಡಿ. "ಮೇಲೆ ಹೋಗೋ ತನಕ ತೆಗೆಯೋ ಹಾಗಿಲ್ಲ, ಇದು ನಿನ್ನ ಯಂತ್ರ" ಅನ್ನಿ. ಪ್ರತಿ ಸಲ ಗಾಡಿ ನಿಂತಾಗ ಒತ್ತಿ ನೋಡಲಿ. ಸಮುದ್ರಮಟ್ಟಕ್ಕೆ ಹೋಲಿಸಿದರೆ 2,000 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಐದನೇ ಒಂದು ಭಾಗದಷ್ಟು ಕಡಿಮೆ. ಅಷ್ಟು ಹೊತ್ತಿಗೆ ಪ್ಯಾಕೆಟ್ ಉಬ್ಬಿ, ಚರ್ಮ ಬಿಗಿದು, ಬೆರಳಲ್ಲಿ ಬಡಿದರೆ ಟಪಟಪ ಅನ್ನುತ್ತಿರುತ್ತದೆ. ನಮ್ಮ ಮಗ "ಇದು ಒಡೆದು ಹೋಗತ್ತೆ" ಅಂತ ಹೆದರಿ ಅದನ್ನು ಅಕ್ಕನ ತೊಡೆ ಮೇಲೆ ಇಟ್ಟುಬಿಟ್ಟ. ಅಕ್ಕ ಒಡೆದು ತಿಂದಳು. ವಿಜ್ಞಾನ ಅಲ್ಲಿಗೆ ಮುಗಿಯಿತು, ಜಗಳ ಊರು ಮುಟ್ಟುವವರೆಗೂ ನಡೆಯಿತು.

ರೈಲು ಇರುವ ಬೆಟ್ಟವಾದರೆ ಕಾರಿಗಿಂತ ಅದೇ ಮೇಲು. ಎಲ್ಲರೂ ಟಾಯ್ ಟ್ರೈನ್ ಅನ್ನುತ್ತಾರೆ, ನನಗೆ ಆ ಹೆಸರು ಅಷ್ಟು ಸರಿ ಅನ್ನಿಸುವುದಿಲ್ಲ. ಅದು ಮಾಡುವ ಕೆಲಸ ದೊಡ್ಡ ರೈಲಿಗೂ ಆಗದು. ಮಾಮೂಲಿ ರೈಲಿನ ಚಕ್ರವೂ ಕಬ್ಬಿಣ, ಹಳಿಯೂ ಕಬ್ಬಿಣ, ಏರು ಜಾಸ್ತಿಯಾದರೆ ಚಕ್ರ ನಿಂತಲ್ಲೇ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲಿನ ಪಟ್ಟಿ ಹಾಸಿ, ಎಂಜಿನ್ನಿನ ಹಲ್ಲುಚಕ್ರ ಅದನ್ನು ಕಚ್ಚಿಕೊಂಡು ಏರುವ ಹಾಗೆ ಮಾಡಿದರು. ಅಮೆರಿಕದ ಮೌಂಟ್ ವಾಷಿಂಗ್ಟನ್‌ನಲ್ಲಿ 1869ರಲ್ಲಿ, ಸ್ವಿಟ್ಜರ್ಲೆಂಡಿನ ರಿಗಿ ಬೆಟ್ಟದಲ್ಲಿ 1871ರಲ್ಲಿ ಇಂಥ ರೈಲು ಓಡಿತು. ರಿಗಿಯ ಹತ್ತಿರವೇ ಇರುವ ಪಿಲಾಟಸ್ ಬೆಟ್ಟದ ಏರು ಇನ್ನೂ ಕಡಿದು, ಕೆಲವು ಕಡೆ ನೂರು ಮೀಟರ್ ಮುಂದೆ ಹೋದರೆ 48 ಮೀಟರ್ ಮೇಲೆ. ಹಲ್ಲು ಮೇಲಿನಿಂದ ಕಚ್ಚಿದರೆ ಎಗರಿ ಬಿಡುತ್ತದೆ ಅಂತ ಅಲ್ಲಿ ಎರಡು ಪಕ್ಕದಿಂದ ಕಚ್ಚುವ ಚಕ್ರ ಮಾಡಿದ್ದಾರೆ. 1889ರಿಂದ ಓಡುತ್ತಿದೆ.

ನೀಲಗಿರಿಯ ರೈಲಿನಲ್ಲೂ ಇದೇ ಹಲ್ಲು. ಮೆಟ್ಟುಪಾಳ್ಯಂನಿಂದ ಕೂನೂರಿಗೆ 1899ರಲ್ಲಿ, ಅಲ್ಲಿಂದ ಊಟಿಗೆ 1908ರಲ್ಲಿ ಹಳಿ ಮುಟ್ಟಿತು. ಒಟ್ಟು 46 ಕಿಲೋಮೀಟರ್ ಹತ್ತಲು ಸುಮಾರು ಐದು ಗಂಟೆ. ಮಕ್ಕಳಿಗೆ ಐದು ಗಂಟೆ ಜಾಸ್ತಿ ಆಯಿತು ಅನ್ನುವವರಿದ್ದಾರೆ, ಒಪ್ಪುತ್ತೇನೆ. ಕೂನೂರಿನಿಂದ ಊಟಿವರೆಗಿನ ತುಂಡು ಸಾಕು ಅನ್ನಿಸಿದರೆ ಅದೂ ಸರಿ, ಆದರೆ ಹಲ್ಲಿನ ಪಟ್ಟಿ ಇರುವುದು ಕೂನೂರಿನ ಕೆಳಗಿನ ಏರಿನಲ್ಲೇ. ಅಲ್ಲಿ ಎಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಯಾಕೆ ಹಾಗೆ ಅಂತ ಮಕ್ಕಳನ್ನೇ ಕೇಳಿ. ಸ್ವಲ್ಪ ಯೋಚಿಸಿದರೆ ಅವರೇ ಹೇಳುತ್ತಾರೆ, ಕೊಂಡಿ ಕಳಚಿದರೆ ಬೋಗಿಗಳು ಉರುಳಿಕೊಂಡು ಕೆಳಗೆ ಹೋಗಬಾರದಲ್ಲ. ಬೋಗಿಗೊಬ್ಬ ಬ್ರೇಕ್‌ಮ್ಯಾನ್ ಕೈಯಲ್ಲಿ ಬಾವುಟ ಹಿಡಿದು ನಿಂತಿರುತ್ತಾನೆ. ಚಿಕ್ಕವರಿಗೆ ಕಣಿವೆಗಿಂತ ಆ ಬಾವುಟವೇ ಮುಖ್ಯ. ಹಸಿರೋ ಕೆಂಪೋ ಅಂತ ಕತ್ತು ಉದ್ದ ಮಾಡಿ ನೋಡುತ್ತಲೇ ಇರುತ್ತಾರೆ. ಆ ಕತ್ತು ಕಿಟಕಿಯೊಳಗೇ ಇರುವ ಹಾಗೆ ನೋಡಿಕೊಳ್ಳುವುದೊಂದೇ ನಮ್ಮ ಕೆಲಸ. ಡಾರ್ಜಿಲಿಂಗ್‌ನ ರೈಲು 1881ರದ್ದು, ಅದಕ್ಕೆ ಹಲ್ಲೇ ಇಲ್ಲ. ಸುತ್ತು ಹೊಡೆದು ತನ್ನ ಹಳಿಯ ಮೇಲೇ ಸೇತುವೆ ದಾಟಿ, ಇನ್ನು ಕೆಲವು ಕಡೆ ಹಿಂದೆ ಮುಂದೆ ಓಡಿ ಅಂಕುಡೊಂಕಾಗಿ ಮೇಲೇರುತ್ತದೆ. ಹಲ್ಲಿರುವ ರೈಲು, ಹಲ್ಲಿಲ್ಲದ ರೈಲು ಅಂತ ಎರಡೇ ಮಾತಲ್ಲಿ ಮಕ್ಕಳಿಗೆ ನೆನಪಿರುತ್ತದೆ.

ಫ್ಯುನಿಕ್ಯುಲರ್ ಅನ್ನುವ ಹಗ್ಗದ ರೈಲು ಇರುವ ಊರಿಗೆ ಹೋದರೆ ಅದನ್ನಂತೂ ಬಿಡಬೇಡಿ. ಬಾವಿಯ ರಾಟೆಗೆ ಎರಡು ಕೊಡ ಕಟ್ಟಿದ ಹಾಗೆ ಅದು, ಒಂದು ಇಳಿದರೆ ಇನ್ನೊಂದು ಏರುತ್ತದೆ. ಎರಡು ಡಬ್ಬಿಗಳ ತೂಕ ಒಂದನ್ನೊಂದು ಸರಿದೂಗಿಸುವುದರಿಂದ ಯಂತ್ರಕ್ಕೆ ಕೆಲಸ ಕಡಿಮೆ. ಸರಿಯಾಗಿ ಅರ್ಧ ದಾರಿಯಲ್ಲಿ ಹಳಿ ಎರಡಾಗುತ್ತದೆ, ಎದುರಿನ ಡಬ್ಬಿ ಪಕ್ಕದಲ್ಲೇ ಹಾದು ಹೋಗುತ್ತದೆ, ಹಳಿ ಮತ್ತೆ ಒಂದಾಗುತ್ತದೆ. ನಾರ್ವೆಯ ಬರ್ಗನ್‌ನಲ್ಲಿ 1918ರಿಂದ ಇಂಥದ್ದೊಂದು ಓಡುತ್ತಿದೆ. ಎದುರು ಡಬ್ಬಿ ಬರುವುದನ್ನು ಮೊದಲು ಕಂಡವರು ಕೂಗಬೇಕು, ಹಾದು ಹೋಗುವ ಆ ಮೂರು ಸೆಕೆಂಡಿನಲ್ಲಿ ಅಲ್ಲಿರುವ ಅಪರಿಚಿತ ಮಕ್ಕಳಿಗೆ ಕೈ ಬೀಸಬೇಕು. ಇಷ್ಟೇ ಆಟ. ಇಳಿದ ಮೇಲೆ "ಇನ್ನೊಂದ್ಸಲ" ಅನ್ನುತ್ತಾರೆ. ಮೇಲಿನ ನೋಟ ಹೇಗಿತ್ತು ಅಂತ ಕೇಳಿದರೆ ನೆನಪಿರುವುದಿಲ್ಲ.

ಟಿಕೆಟ್ ಆಟಗಳ ಮೇಲೆ ನನಗೆ ದ್ವೇಷ ಇಲ್ಲ. ಆದರೆ ಬಯಲಿನ ಯಾವ ಮಾಲ್‌ನಲ್ಲೂ ಸಿಗುವ ಡಿಕ್ಕಿ ಕಾರು, ಭೂತದ ಮನೆ, ಕನ್ನಡಕ ಹಾಕಿಕೊಂಡು ನೋಡುವ ಸಿನಿಮಾ, ಇವೆಲ್ಲ ಬೆಟ್ಟದ ತುದಿಯಲ್ಲಿ ಯಾಕಿವೆ ಅಂತ ಮಾತ್ರ ಅರ್ಥವಾಗುವುದಿಲ್ಲ. ನಾವು ಅಲ್ಲಿಗೆ ಹತ್ತಿದ್ದು ಕತ್ತಲೆ ಕೋಣೆಯಲ್ಲಿ ಕೂರುವುದಕ್ಕಾ? ತಂತಿಗೆ ನೇತುಬಿದ್ದು ಜಾರುವ ಜಿಪ್‌ಲೈನ್ ಬೇರೆ, ಮರದಿಂದ ಮರಕ್ಕೆ ಹಗ್ಗದ ಮೇಲೆ ನಡೆಯುವುದು ಬೇರೆ, ಹಳಿಯ ಮೇಲೆ ಬೆಟ್ಟದ ಇಳಿಜಾರಿನಲ್ಲಿ ಜಾರುವ ಗಾಡಿ ಬೇರೆ. ಅವುಗಳಿಗೆ ಇಳಿಜಾರು ಬೇಕು, ಬೆಟ್ಟ ಬೇಕು. ಅವುಗಳಿಗೆ ಎತ್ತರ, ತೂಕದ ಮಿತಿ ಇರುತ್ತದೆ, ಹೋಗುವ ಮುಂಚೆಯೇ ಕೇಳಿಕೊಳ್ಳಿ. ಕೌಂಟರ್ ಮುಂದೆ ಅಳತೆ ಕೋಲಿಗೆ ಒಂದು ಬೆರಳು ಕಮ್ಮಿ ಬಿದ್ದ ಮಗುವಿನ ಅಳು ಸಾಮಾನ್ಯದ್ದಲ್ಲ. ಬೆಲ್ಟು ಸರಿಯಿಲ್ಲ ಅನ್ನಿಸಿದರೆ, ಹೆಲ್ಮೆಟ್ ತಲೆಗಿಂತ ದೊಡ್ಡದಿದ್ದರೆ, "ಏನೂ ಆಗಲ್ಲ ಬನ್ನಿ" ಅನ್ನುವವರ ಮಾತು ಕೇಳದೇ ವಾಪಸ್ ಬನ್ನಿ. ಕುದುರೆ ಸವಾರಿಗೂ ಇದೇ ಮಾತು. ಪಕ್ಕೆಲುಬು ಎಣಿಸುವ ಹಾಗಿದ್ದರೆ, ಜೀನಿನ ಅಡಿ ಹುಣ್ಣು ಕಂಡರೆ, ಹತ್ತಿಸಬೇಡಿ. ಯಾಕೆ ಬೇಡ ಅಂತ ಮಗುವಿಗೆ ಹೇಳಿ, ಅದಕ್ಕೆ ಅರ್ಥವಾಗುತ್ತದೆ.

ನಡೆಯುವುದರ ಬಗ್ಗೆ ನನ್ನ ಅಭಿಪ್ರಾಯ ಮನೆಯವರಿಗೂ ಒಪ್ಪಿಗೆಯಿಲ್ಲ. ಅವರಿಗೆ ತುದಿ ಮುಟ್ಟಬೇಕು. ನನಗೆ ತೊರೆ ಸಿಕ್ಕರೆ ಸಾಕು, ಅಲ್ಲೇ ಕೂತುಬಿಡಬಹುದು. ಮಕ್ಕಳು ನನ್ನ ಪಕ್ಷ. ನೀರು, ಕಲ್ಲು, ಕಡ್ಡಿ, ಈ ಮೂರು ಇದ್ದರೆ ಆಟದ ಸಾಮಾನಿಗೆ ಬೇರೆ ಖರ್ಚಿಲ್ಲ. ಕಲ್ಲು ಗುಡ್ಡೆ ಹಾಕಿ ಕಟ್ಟೆ ಕಟ್ಟುತ್ತಾರೆ, ನೀರು ಎಲ್ಲಿಂದ ಸೋರುತ್ತಿದೆ ಅಂತ ಹುಡುಕುತ್ತಾರೆ, ಮಣ್ಣು ತುಂಬುತ್ತಾರೆ, ಅದು ಕೊಚ್ಚಿ ಹೋಗುತ್ತದೆ, ಮತ್ತೆ ಶುರು. ಬೆಟ್ಟದ ಮೇಲಿನ ತೊರೆಯ ಕಲ್ಲು ಮೊನಚು, ಕೆಳಗೆ ಹೋದಂತೆ ಉರುಳಿ ಉರುಳಿ ದುಂಡಗೆ. ಇದನ್ನು ಪಾಠ ಮಾಡಬೇಕಾಗಿಲ್ಲ. ಎರಡೂ ಕಡೆಯ ಕಲ್ಲು ಕೈಯಲ್ಲಿ ಹಿಡಿದ ಮಗು ತಾನೇ ಕೇಳುತ್ತದೆ. ಎಷ್ಟೇ ಸಣ್ಣ ತೊರೆಯಾದರೂ ಒಬ್ಬರ ಕಣ್ಣು ಮೇಲಿನ ಮೋಡದ ಮೇಲಿರಲಿ. ಬೆಟ್ಟದಲ್ಲಿ ಇಲ್ಲಿ ಬಿಸಿಲಿದ್ದರೂ ಮೇಲೆಲ್ಲೋ ಮಳೆ ಬಿದ್ದರೆ ನೀರು ಏಕಾಏಕಿ ಏರುತ್ತದೆ. ನೀರು ಕೆಂಪಾಗತೊಡಗಿದರೆ, ಎಲೆ ಕಡ್ಡಿ ತೇಲಿ ಬರತೊಡಗಿದರೆ, ಕಟ್ಟೆ ಅರ್ಧದಲ್ಲಿದ್ದರೂ ಎದ್ದು ದಡಕ್ಕೆ ಬರಬೇಕು.

ಪೈನ್ ಮರಗಳಿರುವ ಊರಾದರೆ ಇನ್ನೂ ಒಳ್ಳೆಯದು. ಕೆಳಗೆ ಬಿದ್ದ ಪೈನ್ ಕಾಯಿಗಳು ಸಿಕ್ಕಾಪಟ್ಟೆ ಇರುತ್ತವೆ, ಮರದ ಸಿಪ್ಪೆಗಳನ್ನು ಒಂದರ ಮೇಲೊಂದು ಜೋಡಿಸಿದಂಥವು. ಮಗಳು ಒಂದನ್ನು ಜೇಬಿನಲ್ಲಿ ಹಾಕಿಕೊಂಡು ಬಂದಿದ್ದಳು. ಒಣಗಿ, ಸಿಪ್ಪೆ ಎಲ್ಲ ಬಿಚ್ಚಿ, ಜೇಬಿನಿಂದ ತೆಗೆಯಲು ಬಾರದೆ ಬಟ್ಟೆಗೆ ಸಿಕ್ಕಿಕೊಂಡಿತ್ತು. ತೆಗೆದು ಬಾತ್‌ರೂಮಿನ ಮಗ್ಗಿನಲ್ಲಿ ನೀರು ಹಾಕಿ ಮುಳುಗಿಸಿಟ್ಟೆವು. ಮೇಲೆ ತೇಲುತ್ತಿದ್ದುದರಿಂದ ಒಂದು ಸೋಪಿನ ಡಬ್ಬಿ ಹೇರಿದೆವು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ, ಇಬ್ಬರೂ ಬೇಜಾರಾಗಿ ಟೀವಿ ಕಡೆ ಹೋದರು. ಒಂದು ಗಂಟೆ ಬಿಟ್ಟು ನೋಡಿದರೆ ಸಿಪ್ಪೆಗಳೆಲ್ಲ ಒಳಕ್ಕೆ ಬಾಗಿ, ಸಂದು ಮುಚ್ಚಿ, ಕಾಯಿ ಬಿಗಿದುಕೊಂಡು ಅರ್ಧಕ್ಕರ್ಧ ಸಣ್ಣದಾಗಿತ್ತು.

"ಅಮ್ಮಾ, ಇದು ಸತ್ತು ಹೋಗಿದೆ ಅಂದ್ಯಲ್ಲ. ಮತ್ತೆ ಬಾಗಿಲು ಹೇಗೆ ಹಾಕ್ಕೊಳ್ತು?"

ಒಳ್ಳೆಯ ಪ್ರಶ್ನೆ. ಸಿಪ್ಪೆಯ ಹೊರಪದರ ನೀರು ಕುಡಿದರೆ ಒಳಪದರಕ್ಕಿಂತ ಜಾಸ್ತಿ ಉದ್ದವಾಗುತ್ತದೆ. ಹೊರಗಡೆ ಉದ್ದ, ಒಳಗಡೆ ಗಿಡ್ಡ ಆದಾಗ ಸಿಪ್ಪೆ ಒಳಕ್ಕೆ ಬಾಗಲೇಬೇಕು. ಜೀವ ಇರಬೇಕಾಗಿಲ್ಲ. ಒದ್ದೆ ಇದ್ದಾಗ ಬೀಜ ಹೊರಗೆ ಬಿದ್ದರೆ ಅಲ್ಲೇ ಮರದ ಬುಡದಲ್ಲೇ ಅಂಟಿಕೊಳ್ಳುತ್ತದೆ. ಒಣಗಿದ ದಿನ ಬಿದ್ದರೆ ರೆಕ್ಕೆ ಬಿಚ್ಚಿ ಗಾಳಿಯಲ್ಲಿ ದೂರ ಹೋಗುತ್ತದೆ. ಅದಕ್ಕೇ ಒದ್ದೆಗೆ ಮುಚ್ಚು, ಒಣಗಿದರೆ ತೆರೆ. ಮಾರನೇ ದಿನ ಕಾಯಿಯನ್ನು ಕಿಟಕಿಯ ಬಿಸಿಲಿಗೆ ಇಟ್ಟಾಗ ನಿಧಾನಕ್ಕೆ ಬಿಚ್ಚಿಕೊಳ್ಳುವಾಗ ಸಣ್ಣಗೆ ಚಟ್ ಅನ್ನುವ ಸದ್ದು ಬರುತ್ತಿತ್ತು. ಅದನ್ನು ಕೇಳಲು ಇಬ್ಬರೂ ಕಿವಿ ಹಚ್ಚಿ ಕೂತಿದ್ದರಿಂದ ರೋಸ್ ಗಾರ್ಡನ್‌ಗೆ ಹೋಗುವುದು ತಪ್ಪಿತು. ನನಗೇನೂ ಬೇಸರವಾಗಲಿಲ್ಲ.

ಕೂಗಿ ಪ್ರತಿಧ್ವನಿ ಕೇಳುವುದು ಎಲ್ಲ ಮಕ್ಕಳಿಗೂ ಗೊತ್ತು. ಅದಕ್ಕೆ ಲೆಕ್ಕ ಸೇರಿಸಿದರೆ ಇನ್ನೂ ಮಜಾ. ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಕೂಗಿದ್ದು ಎರಡು ಸೆಕೆಂಡ್ ಬಿಟ್ಟು ವಾಪಸ್ ಬಂದರೆ ಹೋಗಲು ಒಂದು, ಬರಲು ಒಂದು, ಎದುರಿನ ಬಂಡೆ 340 ಮೀಟರ್ ದೂರ. ಚಿಕ್ಕವನು ಕೂಗುತ್ತಾನೆ, ದೊಡ್ಡವಳು ವಾಚ್ ನೋಡುತ್ತಾಳೆ. ಗುಣಾಕಾರ ಅಂದರೆ ಮುಖ ಸಿಂಡರಿಸುವವಳು ಇಲ್ಲಿ ಕೇಳದೇನೇ ಮಾಡುತ್ತಾಳೆ. ಕಾಡುಪ್ರಾಣಿ ಇರುವ ಕಡೆ, ಬೇರೆಯವರು ಸುಮ್ಮನೆ ಕೂತಿರುವ ಕಡೆ ಇದು ಬೇಡ, ಒಂದೆರಡು ಕೂಗಿಗೆ ನಿಲ್ಲಿಸಿ. ಅದು ಬಿಟ್ಟರೆ ಪಕ್ಕಾ ಆಟ.

ಮಂಜು ಕವಿದರೆ ದೊಡ್ಡವರ ಮುಖ ಸಪ್ಪೆಯಾಗುತ್ತದೆ. ಏನೂ ಕಾಣಿಸಲ್ಲ, ದಿನ ಹಾಳಾಯಿತು ಅಂತ. ಮಕ್ಕಳಿಗೆ ಅದು ದಂಡ ಅಲ್ಲ. ಬೆಟ್ಟದ ಮೇಲೆ ನಮ್ಮ ಸುತ್ತ ಕವಿಯುವುದು ಹೆಚ್ಚಾಗಿ ಮೋಡವೇ, ಕೆಳಗಿನವರಿಗೆ ತಲೆಯೆತ್ತಿದರೆ ಕಾಣುವ ಅದೇ ಮೋಡ. "ನಾವೀಗ ಮೋಡದ ಒಳಗಿದ್ದೀವಿ" ಅಂದರೆ ಅವರು ಸುಮ್ಮನೆ ನಂಬುವುದಿಲ್ಲ, ಪರೀಕ್ಷೆ ಮಾಡುತ್ತಾರೆ. ಸ್ವೆಟರ್‌ನ ಉಣ್ಣೆಯ ತುದಿಗಳಲ್ಲಿ, ಹುಬ್ಬಿನಲ್ಲಿ, ಜೇಡರ ಬಲೆಯಲ್ಲಿ ನೀರಿನ ಸಣ್ಣ ಹನಿಗಳು ಕೂರುತ್ತವೆ. ಮಳೆ ಬಂದಿಲ್ಲ, ಆದರೂ ಒದ್ದೆ. ನಾಲಗೆ ಚಾಚಿ ಮೋಡದ ರುಚಿ ನೋಡುವುದಂತೂ ಆಗಲೇಬೇಕು.

ಕಣಿವೆಯ ಊರುಗಳಲ್ಲಿ ಇನ್ನೊಂದು ವಿಚಿತ್ರ ನೆರಳು. ಸೂರ್ಯ ಮುಳುಗುವ ಹೊತ್ತಿಗೆ ಎಷ್ಟೋ ಮುಂಚೆ ಬೆಟ್ಟದ ಹಿಂದೆ ಹೋಗಿಬಿಡುತ್ತಾನೆ. ನಮ್ಮ ಮೇಲೆ ನೆರಳು, ಎದುರಿನ ಬೆಟ್ಟದ ಮೇಲೆ ಬಿಸಿಲು. ನೆರಳಿನ ಗೆರೆ ಮೈದಾನದ ಮೇಲೆ ನಿಧಾನಕ್ಕೆ ಸರಿಯುವಾಗ ಅದರ ಮುಂದೆ ಓಡಿ ಬಿಸಿಲಿನಲ್ಲೇ ಉಳಿಯುವುದು ಒಂದು ಆಟ, ಖರ್ಚಿಲ್ಲದ್ದು, ಮೈಯೂ ಬೆಚ್ಚಗಾಗುತ್ತದೆ. ನಾರ್ವೆಯ ರ‍್ಯುಕಾನ್ ಊರಿನ ಕಥೆಯನ್ನು ಇಂಥ ಹೊತ್ತಲ್ಲೇ ಹೇಳಬೇಕು. ಅದು ಎಷ್ಟು ಆಳದ ಕಣಿವೆಯಲ್ಲಿದೆ ಅಂದರೆ ವರ್ಷದಲ್ಲಿ ಸುಮಾರು ಆರು ತಿಂಗಳು ಊರಿನ ಒಳಗೆ ನೇರ ಬಿಸಿಲೇ ಬೀಳುವುದಿಲ್ಲ. ಚಳಿಗಾಲದಲ್ಲಿ ಜನ ಮೇಲೆ ಹೋಗಿ ಸೂರ್ಯನನ್ನು ನೋಡಿ ಬರಲಿ ಅಂತಲೇ ಅಲ್ಲಿನ ಕಂಪನಿ 1928ರಲ್ಲಿ ರೋಪ್‌ವೇ ಕಟ್ಟಿಸಿಕೊಟ್ಟಿತು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿ ನಿಲ್ಲಿಸಿದರು. ಸೂರ್ಯ ಸರಿದಂತೆ ಕನ್ನಡಿಯೂ ತಿರುಗಿ ಊರ ಚೌಕದ ಮೇಲೆ ಬಿಸಿಲು ಚೆಲ್ಲುತ್ತದೆ. "ಬಿಸಿಲು ನೋಡೋಕೆ ಟಿಕೆಟ್ ತಗೊಂಡು ಹೋಗ್ತಿದ್ರಾ?" ಅಂತ ಮಗ ಕೇಳಿದ್ದು ಸರಿಯಾಗಿತ್ತು, ಹಾಗೇ ಹೋಗುತ್ತಿದ್ದರು.

ಮೈ ಹುಷಾರಿನ ಮಾತು ಚಿಕ್ಕದಾಗಿ ಹೇಳುತ್ತೇನೆ. ಪ್ರತಿ 1,000 ಮೀಟರ್‌ಗೆ ಸರಾಸರಿ 6.5 ಡಿಗ್ರಿ ಸೆಲ್ಸಿಯಸ್ ಚಳಿ ಏರುತ್ತದೆ. ಮಕ್ಕಳ ಮೈ ನಮ್ಮದಕ್ಕಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ, ಹಾಗಾಗಿ ಒಂದು ದಪ್ಪ ಜಾಕೆಟ್‌ಗಿಂತ ಹಾಕಿ ತೆಗೆಯಲು ಬರುವ ಮೂರು ತೆಳು ಬಟ್ಟೆ ಮೇಲು. ಚಳಿ ಇದೆ ಅಂತ ಬಿಸಿಲನ್ನು ಮರೆಯಬೇಡಿ, ಚರ್ಮ ಸುಡುವ ಕಿರಣ ಪ್ರತಿ 1,000 ಮೀಟರ್‌ಗೆ ಸುಮಾರು ನೂರಕ್ಕೆ ಹತ್ತರಷ್ಟು ಜಾಸ್ತಿಯಾಗುತ್ತದೆ. ಹೊಸ ಹಿಮವಿದ್ದರೆ ಕೆಳಗಿನಿಂದಲೂ ಹೊಡೆಯುತ್ತದೆ, ಟೋಪಿಯ ಜೊತೆ ಕಪ್ಪು ಕನ್ನಡಕವೂ ಬೇಕು. 2,500 ಮೀಟರ್‌ಗಿಂತ ಮೇಲಿನ ಊರಾದರೆ ಮೊದಲ ದಿನ ಏನೂ ಇಟ್ಟುಕೊಳ್ಳಬೇಡಿ. ಲೇಹ್ ಇರುವುದು ಸುಮಾರು 3,500 ಮೀಟರ್‌ನಲ್ಲಿ, ವಿಮಾನದಲ್ಲಿ ಇಳಿದವರಿಗೆ ಅಷ್ಟೂ ಎತ್ತರ ಒಂದೇ ಸಲಕ್ಕೆ. ತಲೆನೋವು ಅಂತ ಬಾಯಿಬಿಟ್ಟು ಹೇಳಲು ಬಾರದ ಮಗು ಸುಮ್ಮಸುಮ್ಮನೆ ಹಟ ಮಾಡುತ್ತದೆ, ಊಟ ಬೇಡ ಅನ್ನುತ್ತದೆ, ಆಟ ಬಿಡುತ್ತದೆ. ಅದನ್ನು ತುಂಟತನ ಅಂತ ಬೈಯಬೇಡಿ. ಕಮ್ಮಿಯಾಗದಿದ್ದರೆ ಕೆಳಗಿಳಿದು ಡಾಕ್ಟರ್‌ಗೆ ತೋರಿಸಬೇಕು. ಇಳಿಯುವುದೇ ಮೊದಲ ಮದ್ದು.

ಇಷ್ಟೆಲ್ಲ ಹೇಳಿದರೂ ಎರಡು ವಯಸ್ಸಿನ ಮಕ್ಕಳಿರುವ ಮನೆಯಲ್ಲಿ ಒಂದೇ ಆಟ ಇಬ್ಬರಿಗೂ ಒಗ್ಗುವುದಿಲ್ಲ. ದೊಡ್ಡವಳಿಗೆ ಈಗ ಜಿಪ್‌ಲೈನ್ ಬೇಕು, ದೂರದ ನೋಟವೂ ಸ್ವಲ್ಪ ಸ್ವಲ್ಪ ಹಿಡಿಸತೊಡಗಿದೆ. ಚಿಕ್ಕವನಿಗೆ ರಸ್ತೆ ಪಕ್ಕದ ಕೊಚ್ಚೆಗುಂಡಿ ಸಾಕು. ಎಲ್ಲರೂ ಒಟ್ಟಿಗೇ ಇರಬೇಕು, ಫ್ಯಾಮಿಲಿ ಟ್ರಿಪ್ ಅಂದಮೇಲೆ ಅಂತ ಹಟ ಹಿಡಿದರೆ ಯಾರಾದರೂ ಒಬ್ಬರು ಅಳುವುದು ಖಾತ್ರಿ. ನಾವು ಮಧ್ಯಾಹ್ನದ ಮೇಲೆ ಬೇರೆ ಬೇರೆಯಾಗುತ್ತೇವೆ. ಅಪ್ಪ ಮಗಳು ಹಗ್ಗದ ಕಡೆ, ನಾನು ಮಗ ಗುಂಡಿಯ ಕಡೆ. ಸಂಜೆ ರೂಮಿಗೆ ಬಂದ ಮೇಲೆ ತಮ್ಮದೇ ಜಾಸ್ತಿ ಚೆನ್ನಾಗಿತ್ತು ಅಂತ ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ನಿಲ್ಲಲಿ ಬಿಡಿ. ಹೋಟೆಲಿನಲ್ಲಿ ಬಿಸಿನೀರು ಬಿಡುವುದು ಎಂಟು ಗಂಟೆಗೆ, ಅಲ್ಲಿಯವರೆಗೂ ಕೆಸರು ತೊಳೆಯುವ ಹಾಗಿಲ್ಲ.